ವಂದನಾರ್ಪಣೆಗೆ ಎದ್ದು ನಿಂತ ವಿಶಾಲಕ್ಕ

ಇಲ್ಲ... ನಂಬೋಕೇ ಆಗ್ತಿಲ್ಲ.
ನನ್ನ ಸುದ್ದಿಯ ಹೆಡ್ಡಿಂಗ್ ಉದ್ದ ಆಯ್ತು ಅಂತ ನಿನ್ನೆ ಸಂಜೆ ಫೋನ್ ಮಾಡಿ ನನಗೆ ಬೈದವರು...
ಇವತ್ತು ಬೆಳಿಗ್ಗೆ ಇಲ್ಲ ಅಂದರೆ?

ಶಿರಸಿಯ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಿ ರಿಟೈರ್ ಆಗಿದ್ದ ನಮ್ಮ ವಿಶಾಲಕ್ಕ ಹೋಗಿಬಿಟ್ಟರು.
ಹಾರ್ಟ್ ಅಟ್ಯಾಕ್ ಅಂತೆ...

ಸುದ್ದಿ ಬಂದು ಅರ್ಧ ಗಂಟೆ ಆಗಿರಲಿಲ್ಲ.
ಮಾಧ್ಯಮ ಬೋಧಕರು, ಸುದ್ದಿಗಾರರು ಸೇರಿದ ನಮ್ಮ ಸಂಘದ ಗ್ರೂಪಿನಲ್ಲಿ ಕಲರ್ ಪೋಸ್ಟರ್!
'ಸಂಘದ ಆಧಾರಸ್ತಂಭ' ಅಂತೆ.
ನಾಚಿಕೆ ಅನ್ನೋದು ಬೇಡವೇ ಸ್ವಾಮಿ?

ಆ ಸಂಘ ಕಟ್ಟಿದ್ದೇ ಅವರು.
ಕ್ಲಾಸಿನಲ್ಲಿ ಪಾಠ ಹೇಳೋರು, ಊರೂರು ಅಲೆದು ಸುದ್ದಿ ಬರೆಯೋರು ಒಂದೇ ಕಡೆ ಕೂರಬೇಕು, ಒಬ್ಬರಿಗೊಬ್ಬರು ಆಗಬೇಕು ಅನ್ನೋದು ಅವರ ಹಟ.
ಕಟ್ಟಿದ ಮೇಲೆ ಆಗಿದ್ದೇನು? ಸೆಮಿನಾರ್, ಶಾಲು, ಗ್ರೂಪ್ ಫೋಟೋ...
ವಿಶಾಲಕ್ಕನಿಗೆ ಮಾತ್ರ ಪ್ರತಿ ಸಲವೂ ವಂದನಾರ್ಪಣೆ. ಜನ ಊಟಕ್ಕೆ ಎದ್ದುಹೋದ ಮೇಲೆ ಖಾಲಿ ಕುರ್ಚಿಗಳಿಗೆ ಥ್ಯಾಂಕ್ಸ್ ಹೇಳೋ ಕೆಲಸ.

ನಿಲ್ಕುಂದದ ಕಡೆ ನಲ್ಲಿ ಹಾಕಿ ನೀರೇ ಬಿಡದ ಕಾಮಗಾರಿ ಬಗ್ಗೆ ನಾನು ಬರೆದಿದ್ದೆ. ಗುತ್ತಿಗೆದಾರ ಮಾನನಷ್ಟದ ಕೇಸ್ ಹಾಕಿದ. 'ಅವನು ನಮ್ಮ ಸ್ಟಾಫ್ ಅಲ್ಲ' ಅಂತ ಪತ್ರಿಕೆಯವರು ಕೈತೊಳೆದುಕೊಂಡರು.

"ನೀ ಹೆದ್ರಡ ತಮಾ. ಸಂಘ ಇಪ್ಪದು ಮತ್ತೆಂತಕ್ಕೆ? ಆನು ನಿನ್ನ ಪರ ಠರಾವು ಮಾಡಸ್ತೆ" ಅಂದರು ವಿಶಾಲಕ್ಕ.

ವಾರ್ಷಿಕ ಸಭೆಯಲ್ಲಿ ಕೇಳಿಯೂ ಕೇಳಿದರು.
ಅಧ್ಯಕ್ಷರ ಉತ್ತರ: "ಅಜೆಂಡಾದಲ್ಲಿಲ್ಲ ಮೇಡಂ. ನಮ್ಮದು ಅಕಾಡೆಮಿಕ್ ಸಂಘ. ಕೋರ್ಟು ಕಚೇರಿ ಉಸಾಬರಿ ನಮಗ್ಯಾಕೆ?"

ಅಕ್ಕಾ...
ಅವತ್ತು ನೀವು ವಂದನಾರ್ಪಣೆಗೆ ಎದ್ದು ನಿಂತಿರಿ. ಒಬ್ಬರಿಗೂ ವಂದನೆ ಹೇಳಲಿಲ್ಲ.
ನೇರವಾಗಿ ಠರಾವೇ ಮಂಡಿಸಿದಿರಿ!
"ಸುದ್ದಿ ಬರೆದವನ ಜೊತೆ ಈ ಸಂಘ ನಿಲ್ಲುತ್ತದೆ. ಒಪ್ಪೋರು ಕೈ ಎತ್ತಿ" ಅಂದಿರಿ.
ಊಟದ ಪೆಂಡಾಲಿನಲ್ಲೂ ಸ್ಪೀಕರ್ ಇತ್ತು. ಎಲ್ಲರಿಗೂ ಕೇಳಿಸಿತು.
ಹೋಳಿಗೆ ಬಿಟ್ಟು ಒಂದು ಕೈಯೂ ಮೇಲೇಳಲಿಲ್ಲ...

ಮುಂದಿನ ವರ್ಷ ಕಮಿಟಿಯಿಂದಲೇ ನಿಮ್ಮನ್ನು ತೆಗೆದರು. 'ಮೇಡಂಗೆ ವೇದಿಕೆಯ ಶಿಸ್ತಿಲ್ಲ' ಅಂದರು.
ನನಗೆ ಮೈಯೆಲ್ಲ ಉರಿದಿತ್ತು. ನೀವು ನಕ್ಕುಬಿಟ್ಟಿರಿ.
ನನ್ನ ಕೇಸಿನ ತಾರೀಖು ಬಂದಾಗಲೆಲ್ಲ ಬಸ್ ಹತ್ತಿ ಸಿದ್ದಾಪುರಕ್ಕೆ ಬಂದಿರಿ. ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, "ಸಂಘನೇ ಬಂದು ಕುಂತಿದ್ದು ಹೇಳಿ ತಿಳ್ಕ" ಅನ್ನುತ್ತಿದ್ದಿರಿ.
ನಿಜ ಅಕ್ಕಾ. ನನ್ನ ಪಾಲಿಗೆ ಸಂಘ ಅಂದರೆ ನೀವೊಬ್ಬರೇ.

ಈಗಷ್ಟೇ ಕಾರ್ಯದರ್ಶಿಯ ಫೋನ್ ಬಂತು.
"ನಾಳೆ ನುಡಿನಮನ ಇದೆ, ಬನ್ನಿ. ಸಂತಾಪದ ಠರಾವು ಪಾಸ್ ಮಾಡ್ತೇವೆ. ಹಳೇದನ್ನೆಲ್ಲ ಎತ್ತಬೇಡಿ, ಪ್ಲೀಸ್..."
ಸತ್ತವರಿಗಾಗಿ ಕೈ ಎತ್ತೋಕೆ ಯಾರಿಗೂ ಭಯ ಇಲ್ಲ ನೋಡಿ!

ಎರಡು ನಿಮಿಷ ಮೌನಾಚರಣೆಯೂ ಇದೆಯಂತೆ.
ಇಷ್ಟು ವರ್ಷ ಆಚರಿಸಿದ್ದು ಸಾಲದೇ?

ನಾನು ಆ ಸಭೆಗೆ ಹೋಗೋಲ್ಲ.
ಗುರುವಾರ ನನ್ನ ತಾರೀಖಿದೆ ಅಕ್ಕಾ... ಒಬ್ಬನೇ ಹೋಗ್ತೇನೆ.

ನಿಮ್ಮ ಜೀವ ತಣ್ಣಗಿರಲಿ ವಿಶಾಲಕ್ಕ...
ಹೋಗಿ ಬನ್ನಿ.