ದಿಣ್ಣೆ ಬೀದಿಯ ಮೆಂಬರಮ್ಮ

ನೀರು ಬರುವ ಮುಂಚೆ ನಲ್ಲಿ ಉಸಿರು ಬಿಡುತ್ತದೆ. ಮೊದಲು ಸುಯ್ಯೆಂಬ ಸಣ್ಣ ಸದ್ದು, ಆಮೇಲೆ ಗಂಟಲು ಕೆರೆದಂತೆ ಗೊರಗೊರ, ಮತ್ತೆ ಬರೀ ಗಾಳಿ. ಚನ್ನರಾಯಪಟ್ಟಣದ ದಿಣ್ಣೆ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದ. ಕೆಳಗಿನ ಬೀದಿಗಳಲ್ಲಿ ಗಾಳಿಯ ಹಿಂದೆಯೇ ನೀರು ಬರುತ್ತದೆ. ದಿಣ್ಣೆಯ ಮೇಲೆ ಎಷ್ಟೋ ದಿನ ಗಾಳಿ ಮಾತ್ರ ಬಂದು ಹೋಗುತ್ತದೆ. ಸದ್ದು ಕೇಳಿ ಬಾಗಿಲು ತೆರೆಯುವ ಹೆಂಗಸರು ಮೊದಲು ನಲ್ಲಿಯನ್ನು ನೋಡುತ್ತಾರೆ, ಆಮೇಲೆ ಬೀದಿಯ ಕೊನೆಯ ಹೆಂಚಿನ ಮನೆಯನ್ನು. ಅದು ಪುರಸಭೆ ಸದಸ್ಯೆ ನೀಲಾಂಬಿಕೆಯವರ ಮನೆ. ಆ ಮನೆಯ ನಲ್ಲಿಯೂ ಅಷ್ಟೇ ಹೊತ್ತು ಗಾಳಿ ಬಿಡುತ್ತದೆ ಎಂಬುದು ಬೀದಿಗೆಲ್ಲ ಗೊತ್ತು. ಹಾಗಾಗಿ ಬೈಯುವವರೂ ಸ್ವಲ್ಪ ಸಲಿಗೆ ಸೇರಿಸಿಯೇ ಬೈಯುತ್ತಾರೆ.

"ಏನ್ ಮೆಂಬರಮ್ಮ, ನಿಮ್ ನಲ್ಲಿ ಇವತ್ತೂ ಬರೀ ಶಂಖ ಊದ್ತಾ ಅದಲ್ಲ!" ಎಂದು ಎದುರು ಮನೆಯ ಹೊನ್ನಕ್ಕ ಖಾಲಿ ಬಿಂದಿಗೆ ಕುಕ್ಕುತ್ತಾರೆ.

"ಊದ್ಲಿ ಬುಡು ಹೊನ್ನಕ್ಕ. ಶಂಖ ಆದ್ಮೇಲೇ ತಾನೆ ತೀರ್ಥ ಕೊಡೋದು?"

"ತೀರ್ಥ ಕೊಡೋ ಒತ್ಗೆ ನಾನೇ ತೀರ್ಕಂಡಿರ್ತೀನಿ."

ಇಬ್ಬರೂ ನಕ್ಕು, ಇಬ್ಬರೂ ಬಿಂದಿಗೆ ಹಿಡಿದು ಇಳಿಜಾರಿನ ಕೆಳಗಿನ ಬೋರ್‌ವೆಲ್ಲಿನ ಕಡೆಗೆ ಇಳಿಯುತ್ತಾರೆ. ಹೊನ್ನಕ್ಕನ ಮಂಡಿ ನೋವು ಹೆಚ್ಚಿದ ದಿನ ನೀಲಾಂಬಿಕೆ ಎರಡು ಬಿಂದಿಗೆ ಹೊತ್ತು ಹತ್ತುತ್ತಾರೆ.

ನೀಲಾಂಬಿಕೆಯವರ ತವರು ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣದ ಪಕ್ಕದ ಒಂದು ಹಳ್ಳಿ. ಸಂಗೀತೋತ್ಸವದ ದಿನಗಳಲ್ಲಿ ಹೊಳೆಯ ಮೇಲಿಂದ ತೇಲಿ ಬರುತ್ತಿದ್ದ ಹಾಡನ್ನು ಕೇಳುತ್ತಾ ಕಳೆ ಕೀಳುತ್ತಿದ್ದುದನ್ನು ಈಗಲೂ ಹೇಳುತ್ತಾರೆ. ಹತ್ತನೇ ತರಗತಿ ಮುಗಿಸಿದ ಮೇಲೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರನ್ನು ಮದುವೆಯಾಗಿ ಈ ಬೀದಿಗೆ ಬಂದರು. ವಾರ್ಡು ಮಹಿಳೆಯರಿಗೆ ಮೀಸಲಾದ ವರ್ಷ ಪಕ್ಷದವರು ಮನೆಗೆ ಬಂದಾಗ ನೀಲಾಂಬಿಕೆ ಒಳಗೆ ಕಾಫಿ ಸೋಸುತ್ತಿದ್ದರು. ಬಂದವರು ಮಾತಾಡಿದ್ದು ಅವರ ಗಂಡನ ಜೊತೆ.

"ಎಸ್ರು ಅಮ್ಮಂದಿರ್ಲಿ ಸಾ, ಕೆಲ್ಸ ನೀವು ಮಾಡಿ."

"ಎಸ್ರು ಅವ್ಳದಾದ್ರೆ ಕೆಲ್ಸಾನೂ ಅವ್ಳದೇ ಕಣ್ರಪ್ಪ," ಅಂದರಂತೆ ಗಂಗಾಧರಯ್ಯ. "ನಂಗೆ ಕೊಬ್ರಿ ನೋಡ್ಕಳಕ್ಕೇ ಒತ್ತಿಲ್ಲ. ಅವ್ಳನ್ನೇ ಕೇಳಿ."

ನೀಲಾಂಬಿಕೆ ಗೆದ್ದ ಮೇಲೂ ಗಂಗಾಧರಯ್ಯ ಆ ಮಾತು ಬಿಡಲಿಲ್ಲ. ಸಭೆಯ ದಿನ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು ಪುರಸಭೆಯ ಗೇಟಿನಲ್ಲಿ ಇಳಿಸಿ, ತಾವು ಹೊಂಗೆ ಮರದಡಿ ಸ್ಕೂಟರಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಯಾರಾದರೂ ಅರ್ಜಿ ಹಿಡಿದು ಬಂದರೆ ಪೇಪರಿನಿಂದ ಕಣ್ಣೆತ್ತದೆ, "ಮೆಂಬರ್ ಒಳಗವ್ರೆ," ಎನ್ನುತ್ತಿದ್ದರು. ಒಳಗೆ ಆ ಮೆಂಬರಿಗೆ ಮೊದಲ ವರ್ಷವೆಲ್ಲ ಬಾಯಿ ಒಣಗುತ್ತಿತ್ತು. ಆದರೂ ಒಬ್ಬರೇ ಎದ್ದು ನಿಂತು, ತಪ್ಪಾದರೂ ತಾವೇ ಮಾತಾಡಿ ಕಲಿತರು. ಚರಂಡಿ, ಬೀದಿ ದೀಪ, ವಿಧವೆಯರ ಪಿಂಚಣಿ ಎಲ್ಲಕ್ಕೂ ಅಲೆದರು. ದಿಣ್ಣೆ ಬೀದಿಗೆ ನೀರು ಹತ್ತಿಸದಿದ್ದರೆ ಮತ್ತೆ ಓಟು ಕೇಳಲು ಬರುವುದಿಲ್ಲ ಎಂದು ಮನೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ್ದರು. ಅದೊಂದು ಮಾತ್ರ ಬಾಕಿ ಉಳಿಯಿತು.

ಇನ್ನೊಂದು ಕೆಲಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ವಾರ್ಡಿನಲ್ಲಿ ಸಾವಾದರೆ ಶಾಮಿಯಾನ, ಕುರ್ಚಿ, ಗಾಡಿ ಎಲ್ಲ ಹೊಂದಿಸಿ, ಕೊನೆಯವರೆಗೂ ಜೊತೆಗಿರುತ್ತಿದ್ದರು. ನಮ್ಮ ಬೀದಿಯ ಹೆಂಗಸರು ರುದ್ರಭೂಮಿಯ ಗೇಟಿನಲ್ಲೇ ನಿಲ್ಲುವುದು ವಾಡಿಕೆ. ನೀಲಾಂಬಿಕೆ ಒಳಗೆ ಹೋಗಿ ಗುಂಡಿಯ ಪಕ್ಕ ನಿಂತು, ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದರು. ಗಂಡಸರು ಮೊದಮೊದಲು ಗೊಣಗಿದರು, ಆಮೇಲೆ ಅಭ್ಯಾಸವಾಯಿತು.

ಅದೇ ರುದ್ರಭೂಮಿಗೆ ಅವರು ತಮ್ಮ ಗಂಡನನ್ನೂ ಒಯ್ಯಬೇಕಾಯಿತು. ಸಂತೆಯ ದಿನ ಅಂಗಡಿಯಲ್ಲಿ ಕೊಬ್ಬರಿ ರಾಶಿಗೆ ಒರಗಿ ಕೂತ ಗಂಗಾಧರಯ್ಯ ಮತ್ತೆ ಏಳಲಿಲ್ಲ. ಅವರ ಜನರಲ್ಲಿ ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಧ್ಯಾನಕ್ಕೆ ಕೂರಿಸಿದಂತೆ ಕೂರಿಸಿ ಮಣ್ಣು ಮಾಡುತ್ತಾರೆ. ತನಗೆ ಕಲ್ಲು ನಿಲ್ಲಿಸಬೇಡಿ ಎಂದು ಅವರು ಯಾವತ್ತೋ ಹೇಳಿದ್ದರಿಂದ ಕಲ್ಲು ನಿಲ್ಲಿಸಲಿಲ್ಲ. ಮೇಲಿನ ಮೂಲೆಯಲ್ಲಿ ಒಂದಿಷ್ಟು ತುಂಬೆ ಗಿಡ ಹಬ್ಬಿದ ಜಾಗ, ಅಷ್ಟೇ. ನೀರಿನ ವಿಷಯ ಇದ್ದ ಸಭೆ ಅದೇ ವಾರದಲ್ಲಿ ಬಂತು, ನೀಲಾಂಬಿಕೆ ಹೋದರು. ಸೂತಕವಿಲ್ಲದ ಮತದಲ್ಲಿ ಹುಟ್ಟಿದವರೇ, "ಗಂಡನ ಮ್ಯಾಲಿನ ಮಣ್ಣು ಇನ್ನೂ ಆರಿಲ್ಲ, ಮೀಟಿಂಗ್ ನೋಡು ಮೀಟಿಂಗು," ಅಂದರು. ಆ ದಿನ ಹೊಂಗೆ ಮರದಡಿ ಯಾರೂ ಇರಲಿಲ್ಲ. ನಡೆದೇ ಬಂದರು, ನಡೆದೇ ಹೋದರು. ಮುಂದೆ ಪ್ರತಿ ಸೋಮವಾರ ಆ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ಕೂರುವುದು ರೂಢಿಯಾಯಿತು.

ಕೊನೆಗೂ ದಿಣ್ಣೆ ಬೀದಿಗೆ ಓವರ್‌ಹೆಡ್ ಟ್ಯಾಂಕ್ ಮಂಜೂರಾಯಿತು. ನೀರು ಇಳಿದು ಬರಬೇಕಾದರೆ ಟ್ಯಾಂಕು ಬೀದಿಗಿಂತ ಎತ್ತರದಲ್ಲಿರಬೇಕು. ವಾರ್ಡಿನಲ್ಲಿ ಅಂಥ ಜಾಗ ಒಂದೇ, ರುದ್ರಭೂಮಿಯ ಮೇಲಿನ ಮೂಲೆ. ಜಾಗ ಅವರ ಜನರ ಸಮಾಜದ್ದು. ಸಮಾಜದ ಕಾರ್ಯದರ್ಶಿ ಗೌರೀಶಂಕರ, ನೀಲಾಂಬಿಕೆಯವರ ಸ್ವಂತ ಮೈದುನ. ಕಲ್ಲಿಲ್ಲದ ಮೂಲೆ ತಾನೆ, ಕಂಬಗಳು ಸಮಾಧಿ ತಪ್ಪಿಸಿಯೇ ಬರುತ್ತವೆ ಎಂದು ಸಮಾಜದವರು ಮೊದಲು ಒಪ್ಪಿದರು. ಪುರಸಭೆಯ ಇಂಜಿನಿಯರ್ ರಜನೀಶ್ ಬಂದು, ಕಂಬಗಳು ಬರುವಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕಿಸಿದರು. ಅವುಗಳಲ್ಲಿ ಒಂದು ತುಂಬೆ ಗಿಡಗಳ ಮೇಲೆಯೇ ಬಿತ್ತು. ಹೊಸದಾಗಿ ವರ್ಗವಾಗಿ ಬಂದ ರಜನೀಶರಿಗೆ ಅದು ತಿಳಿಯುವ ಹಾಗಿರಲಿಲ್ಲ. ನೀಲಾಂಬಿಕೆ ಪಕ್ಕದಲ್ಲೇ ನಿಂತು ನೋಡಿ ಮನೆಗೆ ಬಂದರು.

ಸಂಜೆಯೇ ಗೌರೀಶಂಕರ ರಜನೀಶರನ್ನು ಕರೆದುಕೊಂಡು ಮನೆಗೆ ಬಂದರು. ಚಪ್ಪಲಿ ಬಿಡುತ್ತಲೇ ಶುರು ಮಾಡಿದರು.

"ಅಣ್ಣನ ನೆತ್ತಿ ಮ್ಯಾಲೆ ಕಂಬ ನಿಲ್ಲಿಸ್ತಾರಂತೆ. ನೀವು ನಿಂತ್ಕಂಡು ನೋಡಿ ಬಂದ್ರಂತೆ ಅತ್ತಿಗೆ."

"ನೋಡ್ದೆ ಕಣಪ್ಪ. ಕೂತ್ಕೊ, ಕಾಫಿ ತತ್ತೀನಿ."

"ಕಾಫಿ ಯಾರಿಗೆ ಬೇಕು? ಸಾ, ನೀವು ಯೋಳಿ."

ರಜನೀಶ್ ನಕ್ಷೆ ಬಿಡಿಸಿದರು. "ಮೇಡಂ, ಮೂಡಲಕ್ಕೆ ಬಂಡೆ, ಅತ್ತ ಕಲ್ಲು ನಿಲ್ಲಿಸಿರೋ ಸಮಾಧಿಗಳು, ಇತ್ತ ಕರೆಂಟ್ ಲೈನು. ಪಡುವಲಕ್ಕೆ ಮಾತ್ರ ಸರಿಸಬಹುದು. ಅಲ್ಲೇನೂ ಕಲ್ಲು ಕಾಣಲಿಲ್ಲ. ನೀವು ಹ್ಞೂಂ ಅಂದ್ರೆ ನಾಳೆನೇ ಗುರುತು ಬದಲಾಯಿಸ್ತೀನಿ."

"ಕಲ್ಲಿಲ್ಲ ಅಂದ್ರೆ ಜನ ಇಲ್ಲ ಅಂತಲ್ಲಪ್ಪ," ಅಂದರು ನೀಲಾಂಬಿಕೆ. "ಅಲ್ಲಿ ಹೊನ್ನಕ್ಕನ ಮಗ ಅವ್ನೆ. ಮನು. ನಾನೇ ಮಣ್ಣಾಕಿ ಬಂದಿದೀನಿ."

ಮನು ತೆಂಗಿನಕಾಯಿ ಟೆಂಪೋ ಓಡಿಸುತ್ತಿದ್ದ ಹುಡುಗ, ಹೊನ್ನಕ್ಕನ ಒಬ್ಬನೇ ಮಗ. ಹೆದ್ದಾರಿಯಲ್ಲಿ ಟೆಂಪೋ ಮಗುಚಿ ಹೋಗಿದ್ದ. ಕಲ್ಲು ನಿಲ್ಲಿಸುವಷ್ಟು ಅನುಕೂಲ ಹೊನ್ನಕ್ಕನಿಗೆ ಇರಲಿಲ್ಲ.

ಗೌರೀಶಂಕರ ಅಂದರು, "ಹೊನ್ನಕ್ಕನ್ನೇ ಕೇಳಾನ. ಬ್ಯಾಡ ಅಂತಾಳಾ? ನೀರು ಬೇಕಿರಾದು ಅವ್ಳಿಗೇ ಅಲ್ವಾ?"

"ಅದಕ್ಕೇ ಕೇಳ್ಬಾರ್ದು. ಬ್ಯಾಡ ಅನ್ನಕ್ಕಾಗದೇ ಇರೋರ್ನ ಕೇಳಿದ್ರೆ ಅದು ಕೇಳ್ದಂಗಲ್ಲ ಗೌರೀಶ."

"ಅಂಗಾದ್ರೆ ಟ್ಯಾಂಕೇ ಬ್ಯಾಡ ಅನ್ನಿ. ಸಮಾಜ ಒಪ್ಗೆ ವಾಪಸ್ ತಕಂತದೆ."

"ಜಾಗ ಮುಂದಿನ ಸಭೆಯೊಳಗೆ ನಿರ್ಧಾರ ಆಗದಿದ್ರೆ ಟ್ಯಾಂಕು ಬೇರೆ ವಾರ್ಡಿಗೆ ಹೋಗುತ್ತೆ ಮೇಡಂ," ಅಂದರು ರಜನೀಶ್, ನಕ್ಷೆ ಮಡಿಸುತ್ತಾ. ತಂದ ಕಾಫಿಯನ್ನು ಅವರೊಬ್ಬರೇ ಕುಡಿದರು.

ಬೀದಿಯಲ್ಲಿ ಮಾತು ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಹೊನ್ನಕ್ಕ ತಾವೇ ಬಂದು ಜಗಲಿಯ ಮೇಲೆ ಕಾಲು ನೀಡಿ ಕೂತರು.

"ನಮ್ ಮನುನ ಮ್ಯಾಲೆ ಟ್ಯಾಂಕ್ ಕಟ್ತಾರಂತೆ. ಕಟ್ಲಿ ಬುಡವ್ವ. ಬದ್ಕಿದ್ದಾಗ ಒಂದ್ ಬಿಂದ್ಗೆ ನೀರು ತತ್ತಾ ಅಂದ್ರೆ ಓಡೋಗಿ ಸಂತೆ ಮಾಳದಲ್ಲಿ ಕೂತಿರೋನು ಬಡ್ಡೈದ. ಈಗ್ಲಾದ್ರೂ ಒತ್ಕಂಡಿರ್ಲಿ, ಊರಿಗೆಲ್ಲ."

ಹೇಳಿ ತಾವೇ ಜೋರಾಗಿ ನಕ್ಕರು. ನಗು ಮುಗಿಯುವ ಮುಂಚೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನೀಲಾಂಬಿಕೆ ಅವರ ಪಕ್ಕ ಕೂತರು. ಒಂದು ಹ್ಞೂಂ ಅಂದರೆ ಸಾಕಿತ್ತು. ಬೀದಿಗೆ ನೀರು ಬರುತ್ತಿತ್ತು, ಮೈದುನನ ಮನೆಯ ಬಾಗಿಲು ತೆರೆದಿರುತ್ತಿತ್ತು, ಸೋಮವಾರ ಹೋಗಿ ಕೂರಲು ಆ ಮೂಲೆ ಉಳಿಯುತ್ತಿತ್ತು. ಒಪ್ಪಿಗೆ ತಾನಾಗಿಯೇ ಮನೆಗೆ ನಡೆದು ಬಂದಿತ್ತು. ಆ ಹೊತ್ತಿನಲ್ಲಿ ತಮಗೆ ಹ್ಞೂಂ ಅನ್ನಬೇಕು ಅನ್ನಿಸಿತ್ತು ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ನಾಲಿಗೆಯ ತುದಿಗೇ ಬಂದಿತ್ತಂತೆ.

"ಕಂಬ ನಿಲ್ಸಿದ್ ಮ್ಯಾಲೆ ನೀನು ಮಗನ್ ತಾವ ಓಗಿ ಎಲ್ಲಿ ಕೂತ್ಕಂತೀಯ?" ಎಂದು ಕೇಳಿದರು.

ಹೊನ್ನಕ್ಕ ತಿರುಗಿ ಕೇಳಿದರು, "ನೀವೆಲ್ಲಿ ಕೂತ್ಕಂತೀರವ್ವ?"

ಇಬ್ಬರೂ ಎದ್ದು ಬಿಂದಿಗೆ ಹಿಡಿದು ಬೋರ್‌ವೆಲ್ಲಿನ ಕಡೆಗೆ ಇಳಿದರು.

ಸಭೆಯ ದಿನ ಜಾಗದ ವಿಷಯ ಬಂದಾಗ ನೀಲಾಂಬಿಕೆ ಎದ್ದು ನಿಂತರು. "ಮೊದಲು ಗುರುತು ಹಾಕಿದ ಜಾಗದಲ್ಲೇ ಟ್ಯಾಂಕ್ ಕಟ್ಟಿ. ಕಂಬದ ಕೆಳಗೆ ಬರೋದು ನಮ್ಮ ಯಜಮಾನರ ಸಮಾಧಿ. ಅದಕ್ಕೆ ಒಪ್ಪಿಗೆ ಕೊಡೋಕೆ ನಾನೇ ಇದ್ದೀನಿ. ಪಡುವಲಕ್ಕೆ ಸರಿಸೋದು ಬೇಡ." "ಇನ್ನೊಂದ್ಸಲ ಯೋಚನೆ ಮಾಡಿ ಅಮ್ಮ," ಅಂದರು ಅಧ್ಯಕ್ಷರು. "ಮಾಡಾಯ್ತು ಸಾ," ಎಂದು ಕೂತರು. ಹೆಂಡತಿಯೇ ಒಪ್ಪಿದ ಮೇಲೆ ಸಮಾಜಕ್ಕೆ ತಡೆಯಲು ನೆಪ ಉಳಿಯಲಿಲ್ಲ.

ಗೌರೀಶಂಕರ ಮಾತು ಬಿಟ್ಟರು. ಮಗನ ಮದುವೆಯ ಕರೆಯೋಲೆ ಬೀದಿಯ ಎಲ್ಲ ಮನೆಗಳಿಗೂ ಬಂತು, ಕೊನೆಯ ಮನೆಗೆ ಬರಲಿಲ್ಲ. ಸಮಾಜದ ಹೆಂಗಸರ ಭಜನೆಯಲ್ಲಿ ನೀಲಾಂಬಿಕೆ ಕೂತ ಚಾಪೆಯಲ್ಲಿ ಜಾಗ ಖಾಲಿ ಉಳಿಯತೊಡಗಿತು. ಹಾಸನದಲ್ಲಿ ಟೀಚರಾಗಿರುವ ಮಗಳು ಪ್ರೇಕ್ಷಾ ಫೋನಿನಲ್ಲಿ ಅತ್ತಳು.

"ಅಪ್ಪನ್ನ ಒಂದ್ಮಾತೂ ಕೇಳ್ದಂಗೆ ಮಾಡ್ಬಿಟ್ಯಲ್ಲಮ್ಮ."

"ಕೇಳ್ದೆ ಕಣೆ. ಪ್ರತಿ ಸೋಮವಾರ ಕೇಳ್ತಿದ್ದೆ. ನನ್ ಕೆಲ್ಸದಲ್ಲಿ ಅವ್ರು ಯಾವತ್ತು ಬಾಯಿ ಆಕಿದ್ರು?"

ಗುಂಡಿ ತೋಡುವ ದಿನ ಬಂತು. ಸಿಕ್ಕಿದ್ದನ್ನು ಬೇಲಿಯ ಪಕ್ಕ ಇನ್ನೊಂದು ಸಣ್ಣ ಗುಂಡಿಯಲ್ಲಿ ಇಡಬಹುದು ಎಂದು ಮಠದ ಅಯ್ಯನವರು ಹೇಳಿ, ಬೆಳಿಗ್ಗೆಯೇ ಪೂಜೆ ಮಾಡಿಸಿ ಹೋಗಿದ್ದರು. ಆ ಒಂದು ಕಂಬದ ಗುಂಡಿಗೆ ಜೆಸಿಬಿ ಬೇಡ, ಕೈಯಲ್ಲೇ ಅಗೆಯಿರಿ ಎಂದು ನೀಲಾಂಬಿಕೆ ಕೇಳಿಕೊಂಡಿದ್ದರು. ಅದನ್ನು ಬಿಟ್ಟು ಅವರು ಯಾರನ್ನೂ ಏನೂ ಕೇಳಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದರು. ಹೊನ್ನಕ್ಕ ಅವರ ಕೈ ಹಿಡಿದು ನಿಂತಿದ್ದರು.

ಕೆಲಸ ಅರ್ಧವಾಗುವ ಹೊತ್ತಿಗೆ ಗೌರೀಶಂಕರ ಬಂದರು. ಕೈಯಲ್ಲಿ ಬಿಲ್ವಪತ್ರೆಯ ಪೊಟ್ಟಣವಿತ್ತು. ಅತ್ತಿಗೆಯ ಕಡೆ ನೋಡದೆ ರಜನೀಶರ ಪಕ್ಕ ನಿಂತರು.

"ಇಂಜಿನಿಯರ್ ಸಾ, ಅವ್ರಿಗೆ ಯೋಳಿ, ಬಿಸ್ಲು ಜೋರಾಗದೆ, ನೆಳ್ಳಿಗೆ ಓಗಿ ಅಂತ."

ರಜನೀಶ್ ಏನು ಮಾಡಬೇಕೆಂದು ತಿಳಿಯದೆ ಎರಡು ಹೆಜ್ಜೆ ದೂರದಲ್ಲಿದ್ದವರ ಕಡೆ ತಿರುಗಿದರು. "ಮೇಡಂ, ಬಿಸಿಲು..."

"ಕೇಳಿಸ್ತು. ಅವ್ನಿಗೆ ಯೋಳಿ, ತಲೆಗೆ ಟವೆಲ್ ಆಕ್ಕಂಬೇಕಂತೆ ಅಂತ."

ಆಗಲೇ ಹಾರೆಯ ಸದ್ದು ಬದಲಾಯಿತು. ಕೆಂಪು ಮಣ್ಣಿನ ನಡುವೆ ಒಂದು ಪದರ ಬೂದಿಬಿಳುಪಾಗಿ, ಗಟ್ಟಿಯಾಗಿ ಕಂಡಿತು. ಸಮಾಧಿ ಮಾಡುವಾಗ ಮೈಯ ಸುತ್ತ ತುಂಬಿದ ವಿಭೂತಿ ಮಳೆಗೆ ನೆಂದು, ಒಣಗಿ, ಮಣ್ಣಿನೊಳಗೆ ಹೆಪ್ಪುಗಟ್ಟಿತ್ತು. ಅಗೆಯುತ್ತಿದ್ದವರು ಹಾರೆ ಕೆಳಗಿಟ್ಟು ಮೇಲೆ ನೋಡಿದರು. ಗೌರೀಶಂಕರ ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು.

"ಮುಂದುವರಿಸೋದಾ ಮೇಡಂ?" ಎಂದು ರಜನೀಶ್ ಮೆಲ್ಲಗೆ ಕೇಳಿದರು.

ನೀಲಾಂಬಿಕೆ ಹೊನ್ನಕ್ಕನ ಕೈ ಬಿಡಿಸಿಕೊಂಡರು. ಗುಂಡಿಯ ಅಂಚಿಗೆ ಬಂದು ಒಮ್ಮೆ ಬಗ್ಗಿ ನೋಡಿದರು.

"ಅಗೀರಪ್ಪ, ನಿಲ್ಲಿಸ್ಬ್ಯಾಡಿ," ಅಂದರು. ಆಮೇಲೆ ಗೇಟಿನ ಕಡೆ ತಿರುಗಿ, ಸೆರಗು ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ನಡೆಯುತ್ತಲೇ ಹೇಳಿದರು, "ಆ ಬಿಳೀ ಮಣ್ಣನ್ನ ಮಾತ್ರ ರೋಡಿಗೆ ಸುರೀಬ್ಯಾಡಿ, ಗೌರೀಶನ ಕೈಗೆ ಕೊಡಿ, ಅವ್ನು ಅದನ್ನ ಬೇಲಿ ಪಕ್ಕದ ಗುಂಡೀಲಿಟ್ಟು, ತಂದಿರೋ ಪತ್ರೆ ಆಕ್ಲಿ."