ದಿಬ್ಬದಕ್ಕ ತೆರೆಸಿದ ಗೇಟು

ಎಂಟು ಊರುಗಳು ಎಸೆದ ಕಸವನ್ನು ಒಂದೇ ಕಡೆ ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಹೊದಿಸಿ ದಿಬ್ಬ ಮಾಡಿ, ಅದರ ನಂಜು ನೆಲಕ್ಕಿಳಿಯದಂತೆ ಕಾಯುವ ಕಾಯಕಕ್ಕೆ ಹಾರ ತುರಾಯಿಗಳು ದೊರೆಯುವುದು ಅಪರೂಪ. ಆ ಕಾಯಕದಲ್ಲಿ ಮೂವತ್ತಮೂರು ವರ್ಷ ಸವೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಎಂಜಿನಿಯರರನ್ನು ಸುತ್ತಲಿನ ಜನ ಹುದ್ದೆಯಿಂದ ಕರೆದದ್ದೇ ಇಲ್ಲ. ಎಲ್ಲರಿಗೂ ಅವರು ದಿಬ್ಬದಕ್ಕ.

ಅವರ ಸೇವೆ ಆರಂಭವಾದದ್ದು ಲಾರಿ ತೂಗುವ ಕಟ್ಟೆಯ ಪಕ್ಕದ ತಗಡಿನ ಕೋಣೆಯಲ್ಲಿ. ಯಾವ ಲಾರಿಯ ತಳದಲ್ಲಿ ಆಸ್ಪತ್ರೆಯ ಸೂಜಿಗಳನ್ನು ಬಚ್ಚಿಟ್ಟಿದ್ದಾರೆಂದು ಚಾಲಕನ ಮುಖ ನೋಡಿಯೇ ಹೇಳುತ್ತಿದ್ದರಂತೆ. ಕಸ ಆಯುವ ಹೆಂಗಸರಿಗೆ ಮಳೆಯಲ್ಲಿ ಕೋಣೆಯ ಅರ್ಧವನ್ನು ಬಿಟ್ಟುಕೊಟ್ಟರು. ಅವರಿಗೆ ಬೂಟು, ಕೈಗವಸು ಕೊಡಿಸುವ ತನಕ ಮೇಲಧಿಕಾರಿಯ ಬೆನ್ನು ಬಿಡಲಿಲ್ಲ.

ಹನ್ನೊಂದನೆಯ ವರ್ಷ, ಅವರು ತೂಕದ ಕಟ್ಟೆಯಿಂದ ಕಚೇರಿಗೆ ಬಡ್ತಿ ಪಡೆದಿದ್ದಾಗ, ದಿಬ್ಬದ ಕೆಳಗಿನ ಕೇರಿಯ ಬಡಗಿ ಗಾಜಿನ ಭರಣಿಯಲ್ಲಿ ಬಾವಿನೀರು ತಂದು ಅವರ ಮೇಜಿನ ಮೇಲಿಟ್ಟರು. ನೀರು ಕಪ್ಪು ಚಹಾದ ಬಣ್ಣಕ್ಕಿತ್ತು.

"ನಿಮ್ಮ ಕಾಗದದಲ್ಲಿ ಎಲ್ಲಾ ಸರಿಯಾಗಿದೆಯಂತೆ ಅಕ್ಕ. ಏನ್ ಮಾಡೋದು, ನನ್ನ ಬಾವಿಗೆ ಓದೋಕೆ ಬರಲ್ಲ."

ಅಕ್ಕ ಅಂದೇ ಕಡತ ತೆಗೆಸಿದರು. ಆ ಬದಿಯ ನೀರು ಪರೀಕ್ಷಿಸುವ ಕೊಳವೆ ಮಣ್ಣಿನಡಿ ಹೂತು ನಾಲ್ಕು ತಿಂಗಳಾಗಿತ್ತು. ಪ್ರತಿ ತಿಂಗಳೂ ಹಳೆಯ ಅಂಕಿಗಳೇ ನಕಲಾಗಿದ್ದವು. ನಾಲ್ಕೂ ವರದಿಗಳ ಕೆಳಗಿದ್ದುದು ಅವರದೇ ಸಹಿ.

"ಕೊಳವೆ ಸರಿಮಾಡಿಸಿ ಸುಮ್ಮನಿರಿ. ಯಾರಿಗೆ ಗೊತ್ತಾಗುತ್ತೆ?" ಎಂದರು ಮೇಲಧಿಕಾರಿ.

"ನನಗೆ ಗೊತ್ತಾಯ್ತಲ್ಲ ಸಾರ್."

ಆ ಭಾನುವಾರ ಕೇರಿಯ ಶಾಲೆಯ ಅಂಗಳದಲ್ಲಿ ಸೇರಿದ್ದ ಜನರ ಮುಂದೆ ಅವರು ಎದ್ದು ನಿಂತರು. "ಸಹಿ ನಂದೇ. ನೋಡದೆ ಹಾಕಿದೀನಿ. ಕಸದ ಅಡಿಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಎಲ್ಲೋ ಹರಿದು ನಂಜು ಬಾವಿಗಿಳೀತಿದೆ. ಆ ನೀರು ಯಾರೂ ಕುಡೀಬೇಡಿ."

ಬಡಗಿಯ ತಾಯಿ ಕೇಳಿದರು: "ತಪ್ಪು ಒಪ್ಪಿಕೊಂಡ್ರೆ ನೀರು ತಿಳಿಯಾಗುತ್ತೇನಮ್ಮ?"

"ಇಲ್ಲ ಅಜ್ಜಿ. ಸರಿ ಮಾಡೋದನ್ನ ನೀವೇ ನಿಂತು ನೋಡಿ."

ಸತ್ಯ ನುಡಿದುದಕ್ಕೆ ಸಿಕ್ಕ ಫಲ, ಮತ್ತೆ ತೂಕದ ಕಟ್ಟೆ. ಅದೂ ಎರಡು ವರ್ಷ. ಅಷ್ಟರಲ್ಲಿ ಕೇರಿಗೆ ನಲ್ಲಿ ಬಂತು, ಹರಿದ ಹಾಳೆಗೆ ತೇಪೆ ಬಿತ್ತು. ರಜೆಯ ದಿನಗಳಲ್ಲಿ ಅಕ್ಕ ಕೇರಿಯ ಹೆಂಗಸರಿಗೆ ಕೊಳವೆಯಿಂದ ನೀರೆತ್ತಿ ಅಳೆಯುವುದನ್ನು ಕಲಿಸಿದರು. ಕಲಿತವರೇ ಅರ್ಜಿ ಬರೆದು ಅವರನ್ನು ಕಚೇರಿಯ ಹಳೆಯ ಹುದ್ದೆಗೆ ಕರೆಸಿಕೊಂಡರು. ಅಂದಿನಿಂದ ಪ್ರತಿ ತಿಂಗಳ ಮೊದಲ ಶನಿವಾರ ನಮ್ಮ ದೊಡ್ಡ ಗೇಟು ಊರವರಿಗೆ ತೆರೆದಿರುತ್ತದೆ. ಯಾರು ಬೇಕಾದರೂ ಬಂದು ಅಳೆಯಬಹುದು, ಕೇಳಬಹುದು, ಬೈಯಲೂಬಹುದು. ಬಾವಿ ತಿಳಿಯಾಗಲು ಏಳು ವರ್ಷ ಹಿಡಿಯಿತು. ಮುಚ್ಚಿದ ಮೊದಲ ದಿಬ್ಬದ ಮೇಲೆ ಇಂದು ಮೊಣಕಾಲೆತ್ತರ ಹುಲ್ಲಿದೆ.

ಮೊನ್ನೆ, ದಿಬ್ಬದ ಮೇಲೆ ಕಣ್ಣಿಡುವ ಕೇರಿಯ ನಿಗಾ ಸಮಿತಿ ಅವರನ್ನು ಸದಸ್ಯೆಯಾಗಿ ಆರಿಸಿತು. ಸುದ್ದಿ ತಂದ ಬಡಗಿ, "ಇನ್ಮೇಲೆ ನೀವು ಪ್ರಶ್ನೆ ಕೇಳೋ ಕಡೆ ಕೂರಬೇಕು" ಎಂದರು.

"ಈಗ ಕಸ ತುಂಬ್ತಿರೋ ಐದನೇ ಗುಂಡಿ ಬಗ್ಗೆ ಕೇಳೋದು ಬೇಕಾದಷ್ಟಿದೆ. ಸೋಮವಾರವೇ ಬರಲಾ?"

ಅಕ್ಕನ ಕಣ್ಣು ಚುರುಕಾಗಿಯೇ ಇರಲಿ, ಮೊಣಕಾಲು ದಿಬ್ಬ ಹತ್ತಲು ಒಪ್ಪಲಿ, ಆಯುಷ್ಯ ದೀರ್ಘವಾಗಲಿ. ಉತ್ತರಿಸಬೇಕಾದ ನಮಗೆ ಅವರ ಪ್ರಶ್ನೆಗಳು ಬಹುಕಾಲ ತಪ್ಪದಿರಲಿ.