ಅತ್ತೆಯ ತೋಟದಲ್ಲಿ ಟೊಮೆಟೊ ಬಾರದ ವರ್ಷ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಗೊತ್ತಿಲ್ಲ. ನಮ್ಮ ಬಡಾವಣೆಯ ವಾಚನಾಲಯದವರು ಇಲ್ಲಿನ ಸಾಧಾರಣ ಜನರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನಿನ್ನ ಅತ್ತೆಯ ಬಗ್ಗೆ ನೀನೇ ಬರೆದುಕೊಡು ಎಂದರು. ಬಾಯಿಬಿಟ್ಟು ಹೇಳು ಎಂದಿದ್ದರೆ ಓಡಿಹೋಗುತ್ತಿದ್ದೆ. ಬರೆಯುವಾಗ ತಪ್ಪಾದರೆ ಹೊಡೆದುಹಾಕಬಹುದು, ಯಾರೂ ನನ್ನ ಮುಖ ನೋಡುತ್ತಾ ಕಾಯುವುದಿಲ್ಲ. ಅದಕ್ಕೆ ಒಪ್ಪಿಕೊಂಡೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕುಳ್ಳಗೆ, ಗಟ್ಟಿಯಾಗಿ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಾರೆ. ಮೊದಲು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದರು. ಅರ್ಧ ಕೊಳೆತ ಮೂಟೆಗಳಲ್ಲಿ ಒಳ್ಳೆಯದನ್ನು ಹುಡುಕುವುದೇ ಅಲ್ಲಿ ಕೆಲಸವಾಗಿತ್ತಂತೆ. ಕಾರ್ಖಾನೆ ಮುಚ್ಚಿದ ಮೇಲೆ, ಬಸ್ ಡಿಪೋದ ಹಿಂದೆ ಹಾಳುಬಿದ್ದಿದ್ದ ಜಾಗವನ್ನು ಕೇಳಿ ಪಡೆದು, ಗಾಜಿನ ಚೂರು, ಟೈರು, ಕಬ್ಬಿಣ ಎಲ್ಲ ಆರಿಸಿ ತೆಗೆದು ತೋಟ ಮಾಡಿದರು. ನಾನು ಶಾಲೆ ಬಿಟ್ಟಾಗ ಅಪ್ಪ ನನ್ನನ್ನು ತಂದು ಇಲ್ಲಿ ಬಿಟ್ಟರು. ಎದ್ದು ನಿಂತು ಓದು ಎಂದರೆ ನನಗೆ ಗಂಟಲು ಕಟ್ಟುತ್ತಿತ್ತು, ಅದೇ ಕಾರಣ. ಅತ್ತೆ ಏನೂ ಕೇಳಲಿಲ್ಲ. "ಸೊಪ್ಪಿನ ಜೊತೆ ಮಾತಾಡ್ಬೇಕಾಗಿಲ್ಲ ಪುಟ್ಟಿ, ನೀರು ಹಾಕಿದ್ರೆ ಸಾಕು" ಎಂದು ಕೈಗೆ ಬಕೆಟ್ ಕೊಟ್ಟರು.

ತೋಟ ನಡೆಯುವುದು ಹೀಗೆ. ಸುತ್ತಲಿನ ಬೀದಿಗಳ ಕೆಲವು ಮನೆಯವರು ವರ್ಷದ ಮೊದಲಿಗೇ ತಮ್ಮ ಪಾಲಿನ ಹಣ ಕೊಟ್ಟಿರುತ್ತಾರೆ. ನಾವು ಅವರನ್ನು ಪಾಲಿನ ಮನೆಯವರು ಎನ್ನುತ್ತೇವೆ. ಶನಿವಾರ ಬೆಳಿಗ್ಗೆ ಅವರು ತಗಡಿನ ಶೆಡ್ಡಿಗೆ ಬಂದು ತಮ್ಮ ಬುಟ್ಟಿ ಒಯ್ಯುತ್ತಾರೆ. ಆ ವಾರ ಏನು ಬಂದಿದೆಯೋ ಅದರಲ್ಲಿ ಎಲ್ಲರಿಗೂ ಸಮಪಾಲು. ಹೆಚ್ಚು ಬಂದರೆ ಹೆಚ್ಚು, ಹುಳ ತಿಂದರೆ ಹುಳ ಬಿಟ್ಟಷ್ಟು. ಹೊರಗಿನಿಂದ ಕೊಂಡದ್ದನ್ನು ಬುಟ್ಟಿಗೆ ಹಾಕಬಾರದು, ಅದು ಅತ್ತೆಯ ಕಟ್ಟುನಿಟ್ಟು. ಹೊಸಬರು ಸೇರುವಾಗ ಅತ್ತೆ ಹೇಳುವುದು ಒಂದೇ ಮಾತು: "ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು. ಆಗುತ್ತೆ ಅಂದ್ರೆ ಬನ್ನಿ."

ಕಳೆದ ಚಳಿಗಾಲದಲ್ಲಿ ಗೊಬ್ಬರಕ್ಕೆ ಬರ ಬಂತು. ನಮಗೆ ಸಗಣಿ ಕೊಡುತ್ತಿದ್ದ ಹಟ್ಟಿಯವರು ಹಸುಗಳನ್ನು ಮಾರಿಬಿಟ್ಟರು. ಆಗ ಕೈಹಿಡಿದವರು ಕುದುರೆ ಲಾಯದ ಮಾಮ. ಸವಾರಿ ಕಲಿಸುವ ಶಾಲೆಯ ಲಾಯದಲ್ಲಿ ಅವರು ಕುದುರೆ ನೋಡಿಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡಿದ್ದಾರೆ, ಲಾಯದ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಭಾನುವಾರ ಬಂತೆಂದರೆ ಕೈಗಾಡಿ ತುಂಬ ಲದ್ದಿ ತುಂಬಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದರು. ಹಳೆಯ ಲದ್ದಿ, ಕಳಿತು ಕಪ್ಪಾಗಿ ಪುಡಿಪುಡಿಯಾದದ್ದು.

"ತಗೊಳ್ಳಿ ತೋಟದಮ್ಮ. ನಮ್ಮ ಕುದುರೆಗಳು ಹಗಲೂ ರಾತ್ರಿ ದುಡಿದು ಕಳಿಸಿದಾವೆ."

"ಅವು ದುಡಿದ್ರೆ ನಿಮ್ಗ್ಯಾಕೆ ಬೆವರು, ಕುದುರೆ ಸಾಹೇಬ್ರೇ?"

"ನಾನು ಬರೀ ಸಾಗಾಣಿಕೆ. ಅದಕ್ಕೂ ಬೆವರು ಬರುತ್ತೆ. ಟೀ ಇದ್ಯಾ?"

ಇಬ್ಬರೂ ತಲೆಕೆಳಗಾದ ಡಬ್ಬಿಗಳ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು. ಅತ್ತೆ ಜೋರಾಗಿ ನಗುವುದನ್ನು ನಾನು ಕೇಳಿದ್ದು ಆ ಭಾನುವಾರಗಳಲ್ಲಿ ಮಾತ್ರ. ಆ ಲದ್ದಿಯನ್ನು ನಾವು ಡಿಪೋ ಗೋಡೆಯ ಪಕ್ಕದ ಎಲ್ಲ ಮಡಿಗಳಿಗೂ ಧಾರಾಳವಾಗಿ ಹಾಕಿದೆವು. ಟೊಮೆಟೊ, ಬೀನ್ಸ್, ಬಟಾಣಿ, ಆಲೂಗಡ್ಡೆ ಎಲ್ಲ ಬರುವುದು ಅಲ್ಲೇ.

ಬೇಸಿಗೆ ಶುರುವಾಗುವಾಗ ಟೊಮೆಟೊ ಸಸಿ ನಾಟಿ ಮಾಡಿದೆವು. ಮೊದಲು ಚೆನ್ನಾಗಿಯೇ ನಿಂತವು. ಆಮೇಲೆ ಕುಡಿಯ ಎಲೆಗಳು ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಮಡಚಿಕೊಳ್ಳತೊಡಗಿದವು. ಹೊಸ ಎಲೆಗಳು ದಾರದಷ್ಟು ಸಣ್ಣಗಾಗಿ ಸುರುಳಿ ಸುತ್ತಿಕೊಂಡವು. ಅತ್ತೆ ಅದು ಮುಟುರು ರೋಗ ಎಂದುಕೊಂಡು ಎಲ್ಲವನ್ನೂ ಕಿತ್ತು ಸುಟ್ಟರು. ಅದೇ ಮಡಿಯಲ್ಲಿ ಹೊಸ ಸಸಿ ನೆಟ್ಟೆವು. ಅವೂ ಹಾಗೇ ಆದವು. ಬೀನ್ಸ್ ಮೊಳಕೆಯೊಡೆದು ಮೇಲೆ ಬಂದು, ತಲೆ ತಗ್ಗಿಸಿ, ಅಲ್ಲೇ ನಿಂತುಬಿಟ್ಟಿತು. ಆದರೆ ಅದೇ ಸಾಲಿನ ಮುಸುಕಿನ ಜೋಳ ಮಾತ್ರ ಏನೂ ಆಗದವರ ಹಾಗೆ ಸೊಂಪಾಗಿ ಬೆಳೆಯುತ್ತಿತ್ತು.

ಅತ್ತೆ ಒಂದು ಗಿಡವನ್ನು ಬೇರುಸಮೇತ ಕಾಗದದಲ್ಲಿ ಸುತ್ತಿಕೊಂಡು ಬೀಜದಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಅಂಗಡಿಯವರು ಎಲೆ ತಿರುವಿ ನೋಡಿ, "ಗೊಬ್ಬರ ಎಲ್ಲಿಂದ ತಂದ್ರಿ?" ಎಂದು ಕೇಳಿದರು.

"ಕುದುರೆ ಲಾಯದಿಂದ."

"ಹುಲ್ಲುಗಾವಲಿಗೆ ಕಳೆನಾಶಕ ಹೊಡೆದಿರ್ತಾರೆ ಅಮ್ಮ. ಅದು ಹುಲ್ಲಿಗೆ, ಜೋಳಕ್ಕೆ ಏನೂ ಮಾಡಲ್ಲ, ಅಗಲ ಎಲೆ ಗಿಡ ಮಾತ್ರ ಸಾಯುತ್ತೆ. ಆ ಹುಲ್ಲು ತಿಂದ್ರೆ ಕುದುರೆಗೂ ಏನೂ ಆಗಲ್ಲ. ಆದ್ರೆ ಔಷಧಿ ಹಾಗೇ ಲದ್ದಿಯಲ್ಲಿ ಬಂದುಬಿಡುತ್ತೆ. ಎರಡು ಡಬ್ಬಿಯಲ್ಲಿ ಬೀನ್ಸ್ ಬೀಜ ಹಾಕಿ. ಒಂದಕ್ಕೆ ಬರೀ ಮಣ್ಣು, ಒಂದಕ್ಕೆ ಆ ಗೊಬ್ಬರ. ನಿಮ್ಗೇ ಗೊತ್ತಾಗುತ್ತೆ."

"ತಿನ್ನೋರಿಗೆ?"

"ಅಷ್ಟರಲ್ಲಿ ಏನಾಗಲ್ಲ ಅಂತಾರೆ. ಮಣ್ಣನ್ನ ಆಗಾಗ ತಿರುವ್ತಾ ಇರಿ. ಗಾಳಿ ನೀರು ಸೇರಿ ನಿಧಾನಕ್ಕೆ ಹೋಗುತ್ತೆ. ಒಂದೆರಡು ವರ್ಷ ಬೇಕು."

ಡಬ್ಬಿಗಳನ್ನು ಶೆಡ್ಡಿನ ಕಿಟಕಿಯಲ್ಲಿಟ್ಟೆವು. ಬರೀ ಮಣ್ಣಿನದು ನೆಟ್ಟಗೆ ಬಂತು. ಇನ್ನೊಂದು ಮುದುಡಿತು. ಅತ್ತೆ ಅದನ್ನು ತುಂಬ ಹೊತ್ತು ನೋಡಿ, ಎರಡನ್ನೂ ಹೊರಗೆ ಸುರಿದರು.

"ಪಾಲಿನವ್ರಿಗೆ ನಾನು ಹೇಳ್ತೀನಿ. ಗೊಬ್ಬರ ಪರೀಕ್ಷೆ ಮಾಡ್ದೆ ಹಾಕಿದ್ದು ನನ್ನ ತಪ್ಪು. ರೋಗ ಅಂತ ಹೇಳ್ತೀನಿ, ಅಷ್ಟೇ."

"ಲಾಯದ ಮಾಮನಿಗೆ?" ಎಂದೆ.

"ಅವ್ರ ಹತ್ರ ಕೊಡೋಕೆ ಇರೋದು ಅದೊಂದೇ ಕಣೆ. ಅದು ವಿಷ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಹೀಗೆ ಲಾಯದ ಮಾಮ ಭಾನುವಾರ ಭಾನುವಾರ ಬರುತ್ತಲೇ ಇದ್ದರು. ಅತ್ತೆ ಪ್ರತಿ ಸಲವೂ ನಗುತ್ತಾ ಗಾಡಿ ಇಳಿಸಿಕೊಂಡು, ಅವರು ಹೋದ ಮೇಲೆ ಅದನ್ನೆಲ್ಲ ತೋಟದ ಹಿಂದಿನ ಮುರಿದ ಗೋಡೆಯ ಆಚೆಗೆ ಹೊತ್ತು ಸುರಿಯುತ್ತಿದ್ದರು. ನಾನೂ ಹೊರುತ್ತಿದ್ದೆ. ತೋಟದೊಳಗೆ ಒಂದು ಬುಟ್ಟಿ ಲದ್ದಿಯೂ ಬೀಳಲಿಲ್ಲ.

ಮಳೆ ಬಂತು. ಶನಿವಾರದ ಬುಟ್ಟಿಗಳಲ್ಲಿ ಲದ್ದಿ ಬೀಳದ ರಸ್ತೆ ಕಡೆಯ ಮಡಿಗಳ ಎಲೆಕೋಸು, ಈರುಳ್ಳಿ, ಜೊತೆಗೆ ಜೋಳ ಬಿಟ್ಟರೆ ಬೇರೆ ಇರಲಿಲ್ಲ. ನಿವೃತ್ತ ಕಂಡಕ್ಟರ್ ಒಬ್ಬರು ಪಾಲಿನವರಲ್ಲಿದ್ದಾರೆ. ಅವರು ಮೊದಲು ತಮಾಷೆ ಮಾಡುತ್ತಿದ್ದರು.

"ಈ ವಾರ ಏನಮ್ಮ?"

"ಎಲೆಕೋಸು ಕಂಡಕ್ಟ್ರೇ."

"ಮುಂದಿನ ವಾರ?"

"ಎಲೆಕೋಸೇ."

"ಸರಿ ಬಿಡಿ, ನಮ್ಮನೆಯವಳು ಈಗ ನನ್ನನ್ನೇ ಕೋಸು ಅಂತ ಕರೀತಾಳೆ."

ಬರಬರುತ್ತಾ ತಮಾಷೆ ನಿಂತಿತು. ಜನ ಬುಟ್ಟಿ ಎತ್ತಿಕೊಂಡು, ಒಳಗೆ ನೋಡದೆ ಹೋಗುತ್ತಿದ್ದರು. ಇಬ್ಬರು ಸಣ್ಣ ಮಕ್ಕಳಿರುವ ನರ್ಸಮ್ಮ ಮಾತ್ರ ಒಮ್ಮೆ, "ರೋಗ ವಾಸಿ ಆಗಲ್ವಾ ಅಮ್ಮ?" ಎಂದು ಕೇಳಿದರು. "ನೋಡೋಣ" ಎಂದರು ಅತ್ತೆ. ಮುಂದಿನ ವರ್ಷಕ್ಕೆ ಮನೆಗಳು ನಿಲ್ಲದಿದ್ದರೆ ತೋಟವಿಲ್ಲ. ಅದು ನಮಗಿಬ್ಬರಿಗೂ ಗೊತ್ತಿತ್ತು. ಊಟಕ್ಕೆ ಕುಳಿತಾಗ ಅತ್ತೆ ಮನೆಗಳನ್ನು ಒಂದೊಂದಾಗಿ ನೆನೆದು, "ಇವ್ರು ಇರ್ತಾರೆ. ಇವ್ರು ಅನುಮಾನ" ಎನ್ನುತ್ತಿದ್ದರು. ಅನ್ನುತ್ತಾ ಅನ್ನುತ್ತಾ ತಟ್ಟೆಯ ಊಟ ಆರಿಹೋಗುತ್ತಿತ್ತು.

ಮಳೆ ಕಡಿಮೆಯಾದ ಮೇಲಿನ ಒಂದು ಶನಿವಾರ. ಶೆಡ್ಡಿನಲ್ಲಿ ಜನ ಇದ್ದರು. ಲಾಯದ ಮಾಮ ಎಂದೂ ಶನಿವಾರ ಬಂದವರಲ್ಲ. ಅಂದು ಬಂದರು. ಕೈಗಾಡಿಯಲ್ಲಿ ಲದ್ದಿ ಇರಲಿಲ್ಲ, ಹಳೆಯ ಬಣ್ಣದ ಡಬ್ಬಗಳಿದ್ದವು. ನಿಮ್ಮ ಟೊಮೆಟೊ ಕೈಕೊಟ್ಟಿದೆ, ನಾನಾದರೂ ಲಾಯದ ಅಂಗಳದಲ್ಲಿ ಒಂದಷ್ಟು ಬೆಳೆದು ತಂದುಕೊಡೋಣ ಅಂತ ಎಲ್ಲಿಂದಲೋ ಸಸಿ ತಂದು ನೆಟ್ಟಿದ್ದರಂತೆ. ಅತ್ತೆಗೆ ಹೇಳದೆ, ಅಚ್ಚರಿಪಡಿಸಲು. ಡಬ್ಬದ ತುಂಬ ತಮ್ಮದೇ ಒಳ್ಳೆಯ ಲದ್ದಿ ತುಂಬಿದ್ದರು. ಪ್ರತಿ ಡಬ್ಬದಲ್ಲೂ ಒಂದು ಮುದುಡಿದ ಗಿಡ.

"ತೋಟದಮ್ಮ, ಇದೇ ಅಲ್ವಾ ನಿಮ್ಮ ರೋಗ? ನಮ್ಮಲ್ಲಿ ಬೇರೆ ಗಿಡ ಇಲ್ಲ, ರೋಗ ಎಲ್ಲಿಂದ ಬಂತು? ಇದು ಲದ್ದಿಯಿಂದ್ಲೇ ಅಲ್ವಾ?"

ಅತ್ತೆ ಕೈಯಲ್ಲಿದ್ದ ಈರುಳ್ಳಿಯನ್ನು ಮೇಜಿನ ಮೇಲಿಟ್ಟರು. ಮುಖ ನೋಡಿ ನೇರವಾಗಿ ಕೇಳಿದರೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ. "ಹೌದು" ಎಂದರು.

"ನಿಮ್ಗೆ ಗೊತ್ತಿತ್ತಾ?"

"ಬೇಸಿಗೆಯಿಂದ ಗೊತ್ತಿತ್ತು."

"ಹಾಗಾದ್ರೆ ಆಮೇಲೆ ನಾನು ತಂದಿದ್ದೆಲ್ಲ?"

ಅತ್ತೆ ಗೋಡೆಯ ಕಡೆ ನೋಡಿದರು. ಲಾಯದ ಮಾಮ ಗೋಡೆಯ ಆಚೆಗೆ ಹೋದರು. ಅಲ್ಲಿ ಅಷ್ಟೂ ಲದ್ದಿ ಗುಡ್ಡೆಯಾಗಿತ್ತು, ಅದರ ಮೇಲೆ ಬರೀ ಹುಲ್ಲು ಬೆಳೆದಿತ್ತು. ಅವರು ವಾಪಸ್ ಬಂದು ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದರು. "ನೀವು ನಗ್ತಾ ಇಸ್ಕೊಂಡ್ರಲ್ಲ. ನಾನು ಪ್ರತಿ ವಾರ ಹಿಗ್ಗಿಕೊಂಡು ತರ್ತಿದ್ದೆ" ಎಂದರು. ಜಗಳದ ದನಿಯಲ್ಲ. ಖಾಲಿ ಗಾಡಿ ತಳ್ಳಿಕೊಂಡು ಹೋದರು.

ಆಮೇಲೆ ಶೆಡ್ಡಿನಲ್ಲಿ ಮಾತೆದ್ದಿತು.

"ನೀವು ರೋಗ ಅಂದ್ರಿ" ಎಂದರು ನರ್ಸಮ್ಮ. "ಔಷಧಿ ಬಿದ್ದ ಮಣ್ಣಲ್ಲಿ ಬೆಳೆದ ಜೋಳ ನನ್ನ ಮಕ್ಕಳು ತಿಂದಿದಾರೆ."

"ತಿನ್ನೋರಿಗೆ ಏನಾಗಲ್ಲ ಅಂತ ಕೇಳ್ಕೊಂಡೇ ಬುಟ್ಟಿಗೆ ಹಾಕಿದೀನಿ ಕಣಮ್ಮ."

"ಅದನ್ನ ನಮಗೆ ಹೇಳಿ, ನಾವೂ ಕೇಳ್ಕೋಬಹುದಿತ್ತಲ್ಲ. ನಮ್ಮ ಪರವಾಗಿ ನೀವೊಬ್ರೇ ತೀರ್ಮಾನ ಮಾಡಿದ್ರಾ?"

ಕಂಡಕ್ಟರ್ ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಅಮ್ಮ, ನಷ್ಟದಲ್ಲೂ ಪಾಲು ಅಂದಿದ್ರಿ. ನಾವು ಕೋಸು ತಿಂದ್ಕೊಂಡು ಸುಮ್ನಿದ್ವಿ. ಅವ್ರೊಬ್ರನ್ನ ನೋಯಿಸ್ಬಾರ್ದು ಅಂತ ನಮ್ಮನ್ನೆಲ್ಲ ಹೊರಗಿಟ್ರಲ್ಲ."

ನನಗೆ ಏನೋ ಹೇಳಬೇಕೆನಿಸಿತು. ಅತ್ತೆ ಗೋಡೆಯಾಚೆ ಲದ್ದಿ ಹೊರುವಾಗ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದದ್ದನ್ನು ಹೇಳಬೇಕೆನಿಸಿತು. ಗಂಟಲು ಕಟ್ಟಿತು. ಆ ವಾರದ ಬುಟ್ಟಿಗಳಲ್ಲಿ ಹೆಚ್ಚಿನವು ಮೇಜಿನ ಮೇಲೆಯೇ ಉಳಿದವು.

ಅತ್ತೆ ಮಾಡಿದ್ದು ಸರಿಯೋ ತಪ್ಪೋ ಎಂದು ತುಂಬ ಯೋಚಿಸಿದ್ದೇನೆ. ಕರುಣೆಯಿಂದಲೇ ಮಾಡಿದರು. ಆದರೆ ನರ್ಸಮ್ಮ ಕೇಳಿದ್ದೂ ನ್ಯಾಯವೇ.

ಚಳಿ ಶುರುವಾದಾಗ ಅತ್ತೆ ಮನೆಮನೆಗೆ ಹೋಗಿ ಮುಂದಿನ ವರ್ಷ ಇರುತ್ತೀರಾ ಎಂದು ಕೇಳಿದರು. ನಡೆದದ್ದನ್ನೆಲ್ಲ ಈ ಸಲ ಮೊದಲೇ ಹೇಳಿ, ಆಮೇಲೆ ಕೇಳಿದರು. ಹೆಚ್ಚಿನವರು ಬಾಗಿಲಲ್ಲೇ ಮರ್ಯಾದೆಯಿಂದ ಇಲ್ಲವೆಂದರು. ನರ್ಸಮ್ಮ ಒಳಗೆ ಕರೆದು ಕೂರಿಸಿ ನೀರು ಕೊಟ್ಟು ಇಲ್ಲವೆಂದರು. ಅದು ಇನ್ನೂ ಕಷ್ಟವಾಯಿತು. ಕಂಡಕ್ಟರ್ ಮಾತ್ರ, "ನಾನಿರ್ತೀನಿ. ಆದ್ರೆ ಇನ್ಮೇಲೆ ಕೆಟ್ಟ ಸುದ್ದಿ ಇದ್ರೆ ಅದನ್ನೂ ಬುಟ್ಟಿಗೆ ಹಾಕಿ" ಎಂದರು. ಇನ್ನೂ ಬೆರಳೆಣಿಕೆಯ ಮನೆಗಳು ಉಳಿದವು. ಅಷ್ಟರಿಂದ ಇಡೀ ತೋಟ ನಡೆಯುವುದಿಲ್ಲ. ರಸ್ತೆ ಕಡೆಯ ಒಳ್ಳೆಯ ಅರ್ಧವನ್ನು ಡಿಪೋದವರು ನಿಲುಗಡೆಗೆ ಕೇಳುತ್ತಿದ್ದರು, ಅದನ್ನು ಬಿಟ್ಟುಕೊಟ್ಟೆವು. ಈಗ ಅಲ್ಲಿ ಕಲ್ಲುಪುಡಿ ಹಾಸಿದ್ದಾರೆ. ನಮಗೆ ಉಳಿದದ್ದು ಡಿಪೋ ಗೋಡೆ ಪಕ್ಕದ, ಲದ್ದಿ ಬಿದ್ದ ಹಾಳು ಮಡಿಗಳು.

ಲಾಯಕ್ಕೂ ಹೋಗಿದ್ದೆವು. ಲಾಯದ ಮಾಮ ಕುದುರೆಯ ಮೈ ಉಜ್ಜುತ್ತಿದ್ದರು. ನಮ್ಮನ್ನು ನೋಡಿ ತಲೆಯಾಡಿಸಿ, ಮತ್ತೆ ಕುದುರೆಯ ಕಡೆ ತಿರುಗಿದರು.

"ಟೀಗೆ ಬನ್ನಿ" ಎಂದರು ಅತ್ತೆ. "ಬರಿಗೈಲಿ ಬನ್ನಿ."

"ಬರಿಗೈಲಿ ಬಂದು ಅಭ್ಯಾಸ ಇಲ್ಲ ತೋಟದಮ್ಮ. ಕೆಲಸ ಇದೆ."

ಅತ್ತೆ ಸ್ವಲ್ಪ ಹೊತ್ತು ಲಾಯದ ಮರದ ಅಡ್ಡಪಟ್ಟಿ ಹಿಡಿದು ನಿಂತಿದ್ದರು. ಬ್ರಷ್ಷಿನ ಸದ್ದು ನಿಲ್ಲಲಿಲ್ಲ. ಮನೆಗೆ ಬಂದು ಅತ್ತೆ ಮಂಚದ ಮೇಲೆ ಕುಳಿತು, "ಈ ಸಲ ಮಣ್ಣು ತಿರುವೋಕೆ ನನ್ನ ಸೊಂಟದಲ್ಲಿ ಆಗಲ್ಲ ಪುಟ್ಟಿ. ಬಿಟ್ಟುಬಿಡೋಣ್ವಾ?" ಎಂದು ಕೇಳಿದರು. ಅತ್ತೆ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಬೇಡ ಎಂದೆ. ಗಂಟಲು ಕಟ್ಟಲಿಲ್ಲ, ಆದರೆ ದನಿ ಸಣ್ಣಗಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು.

ನಾಳೆ ಬೆಳಿಗ್ಗೆ ನಾನು ಗುದ್ದಲಿ ತೆಗೆದುಕೊಂಡು ಹೋಗಿ, ಟೊಮೆಟೊ ಹಾಕಿದ್ದ ಮಡಿಯಿಂದ ಶುರುಮಾಡಿ ಮಣ್ಣು ತಿರುವುತ್ತೇನೆ.